ಅಚ್ಚುಮೊಳೆಯ ಸೀಸ ಮತ್ತು ಕೂದಲೆಳೆಯ ತಂತಿ: ಬೆಟಗೇರಿಯಲ್ಲಿ ಕಟ್ಟಿದ ಒಂದು ಗುರುತ್ವ ತಕ್ಕಡಿ

ಬೆಟಗೇರಿಯಲ್ಲಿರುವ ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಪಡಸಾಲೆಯನ್ನು ದಾಟಿದರೆ ಸಿಗುವ ಒಳಕೋಣೆಗೆ ಕಿಟಕಿಯಿಲ್ಲ. ಮೇಲೊಂದು ಬೆಳಕಿಂಡಿ, ಸುತ್ತಲೂ ಎರಡೂವರೆ ಅಡಿ ದಪ್ಪದ ಗೋಡೆ. ಹಿಂದೆ ಜೋಳದ ಚೀಲಗಳನ್ನು ಒಟ್ಟುತ್ತಿದ್ದ ಆ ಕೋಣೆಯಲ್ಲಿ ಈಗ ಒಂದು ತಿರುಚು ತಕ್ಕಡಿ ತೂಗುತ್ತಿದೆ. ಒಂದು ಮೀಟರ್ ಉದ್ದದ ತೆಳು ತಂತಿ, ಅದರ ತುದಿಗೆ ಅಡ್ಡಲಾಗಿ ಕಟ್ಟಿದ ಬಿದಿರು ಕಡ್ಡಿ, ಕಡ್ಡಿಯ ಎರಡು ತುದಿಗಳಲ್ಲಿ 50 ಗ್ರಾಂ ತೂಕದ ಒಂದೊಂದು ಸೀಸದ ಗುಂಡು. ಈ ಗುಂಡುಗಳ ಪಕ್ಕಕ್ಕೆ 8 ಕೆ.ಜಿ. ತೂಕದ ಎರಡು ದೊಡ್ಡ ಭಾರಗಳನ್ನು ತಂದು ನಿಲ್ಲಿಸಿದರೆ ಕಡ್ಡಿಯು ಅವುಗಳ ಕಡೆಗೆ ನಿಧಾನವಾಗಿ ತಿರುಗುತ್ತದೆ. ಆಷಾಢದಲ್ಲಿ ಆರಂಭಿಸಿದ ಕೆಲಸ ಮಾರ್ಗಶಿರದ ಹೊತ್ತಿಗೆ ನಂಬಬಹುದಾದ ಅಂಕಿಗಳನ್ನು ಕೊಟ್ಟಿತು. ಆ ಐದು ತಿಂಗಳಲ್ಲಿ ಏನೇನು ಮಾಡಿದೆ, ಎಲ್ಲೆಲ್ಲಿ ತಪ್ಪಿದೆ ಎಂಬುದನ್ನು ಇಂಥ ತಕ್ಕಡಿಯನ್ನು ಕಟ್ಟಬಯಸುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಎರಡು ವಸ್ತುಗಳ ನಡುವಿನ ಸೆಳೆತವು ಅವುಗಳ ದ್ರವ್ಯರಾಶಿಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿಯೂ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ ಎಂದು 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮವನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದಿದ್ದೇನೆ. ತೂಕ ಇಮ್ಮಡಿಯಾದರೆ ಸೆಳೆತ ಇಮ್ಮಡಿ, ದೂರ ಇಮ್ಮಡಿಯಾದರೆ ಸೆಳೆತ ಕಾಲು ಪಾಲು. ಮಕ್ಕಳು ಇದನ್ನು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಈ ಎರಡು ಮಾತುಗಳಲ್ಲಿ ಒಂದನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ಭೂಮಿಯು ಕಲ್ಲನ್ನು ಸೆಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಕಲ್ಲು ಕಲ್ಲನ್ನು ಸೆಳೆಯುವುದನ್ನು ನೋಡಬೇಕಾದರೆ ಉಳಿದೆಲ್ಲ ಬಲಗಳನ್ನು ಒಂದೊಂದಾಗಿ ಬದಿಗೆ ಸರಿಸಬೇಕಾಗುತ್ತದೆ.

ಬದಿಗೆ ಸರಿಸಬೇಕಾದದ್ದು ಎಷ್ಟೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. 8 ಕೆ.ಜಿ. ಮತ್ತು 50 ಗ್ರಾಂ ತೂಕದ ಎರಡು ವಸ್ತುಗಳ ಕೇಂದ್ರಗಳು 10 ಸೆಂ.ಮೀ. ದೂರದಲ್ಲಿದ್ದಾಗ ಅವುಗಳ ನಡುವಿನ ಸೆಳೆತ ಒಂದು ನ್ಯೂಟನ್ನಿನ ನೂರು ಕೋಟಿ ಪಾಲುಗಳಲ್ಲಿ ಸುಮಾರು 2.7 ಪಾಲು ಮಾತ್ರ. ಒಂದು ಬಿಳಿ ಜೋಳದ ಕಾಳನ್ನು ಲಕ್ಷ ತುಣುಕು ಮಾಡಿ, ಅದರಲ್ಲಿ ಒಂದು ತುಣುಕನ್ನು ಅಂಗೈ ಮೇಲೆ ಇಟ್ಟುಕೊಂಡರೆ ಅದು ಕೆಳಕ್ಕೆ ಒತ್ತುವ ಬಲ ಹೆಚ್ಚುಕಡಿಮೆ ಇಷ್ಟಿರುತ್ತದೆ. ಯಾವ ತಕ್ಕಡಿಯ ತಟ್ಟೆಯೂ ಇದನ್ನು ತೋರಿಸಲಾರದು. ತಿರುಚು ತಂತಿ ತೋರಿಸಬಲ್ಲದು, ಏಕೆಂದರೆ ಅಡ್ಡಲಾಗಿ ತಿರುಗುವ ಕಡ್ಡಿಗೆ ಭೂಮಿಯ ಸೆಳೆತ ಅಡ್ಡಿ ಮಾಡುವುದಿಲ್ಲ. ತಂತಿಯ ತಿರುಚಿನ ಬಿಗಿಯೊಂದನ್ನು ಮೀರಿದರೆ ಸಾಕು. ಈ ಉಪಾಯವನ್ನು ಇಂಗ್ಲೆಂಡಿನ ಜಾನ್ ಮಿಚೆಲ್ ಯೋಚಿಸಿ ಉಪಕರಣವನ್ನೂ ಕಟ್ಟಿದ್ದನು. ಅವನು 1793ರಲ್ಲಿ ತೀರಿಕೊಂಡ ಮೇಲೆ ಅದು ಹೆನ್ರಿ ಕ್ಯಾವೆಂಡಿಶ್‌ನ ಕೈಗೆ ಬಂದಿತು. ಕ್ಯಾವೆಂಡಿಶ್ ಅದನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿ, 158 ಕೆ.ಜಿ. ತೂಕದ ಎರಡು ಸೀಸದ ಗೋಳಗಳನ್ನು ಬಳಸಿ, 1798ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಅವನ ಕಡ್ಡಿ ಆರು ಅಡಿ ಉದ್ದದ್ದು. ನನ್ನದು 34 ಸೆಂ.ಮೀ.

ತಂತಿಯ ವಿಷಯದಲ್ಲಿ ನಾನು ಎರಡು ತಿಂಗಳು ಕಳೆದುಕೊಂಡೆ. ನೇಕಾರರ ಊರಿನಲ್ಲಿ ಇದ್ದೇನೆ ಎಂಬ ಭರವಸೆಯಿಂದ ಮೊದಲು ರೇಷ್ಮೆ ಎಳೆಯನ್ನು ಆರಿಸಿದೆ. ಸೀರೆಯ ಹಾಸಿಗೆ ಬಳಸುವ ಎಳೆಯು ಹುರಿಗೊಳಿಸಿದ ಎಳೆಯಾಗಿರುತ್ತದೆ ಎಂಬುದನ್ನು ಗಮನಿಸಬೇಕಿತ್ತು. ಭಾರ ಕಟ್ಟಿದೊಡನೆ ಹುರಿ ಬಿಚ್ಚಿಕೊಳ್ಳುತ್ತ ಕಡ್ಡಿಯು ಎರಡು ದಿನ ಒಂದೇ ದಿಕ್ಕಿಗೆ ಸುತ್ತಿತು. ಹುರಿಯಿಲ್ಲದ ಒಂಟಿ ಎಳೆಗಳನ್ನು ಜೋಡಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. ಶ್ರಾವಣದ ತೇವವನ್ನು ರೇಷ್ಮೆ ಹೀರುತ್ತದೆ, ಬಿಸಿಲು ಬಿದ್ದ ದಿನ ಬಿಟ್ಟುಕೊಡುತ್ತದೆ, ಪ್ರತಿ ಬಾರಿಯೂ ಕಡ್ಡಿಯ ನೆಲೆ ಬದಲಾಗುತ್ತದೆ. ಬಳಿಕ ವಿದ್ಯುತ್ ತಂತಿಯೊಳಗಿನ 0.1 ಮಿ.ಮೀ. ದಪ್ಪದ ತಾಮ್ರದ ಎಳೆಯೊಂದನ್ನು ಬಳಸಿದೆ. ಅದರಲ್ಲಿ ಕಡ್ಡಿಯ ಆಂದೋಲನದ ಅವಧಿ ಸುಮಾರು 7 ನಿಮಿಷವಾಗಿತ್ತು, ಇದು ಆಶಾದಾಯಕವಾಗಿತ್ತು. ಆದರೆ ಹದಗೊಳಿಸಿದ ತಾಮ್ರ ಬಹಳ ಮೆತು. ನೂರು ಗ್ರಾಂ ಭಾರಕ್ಕೇ ಅದು ದಿನದಿನಕ್ಕೆ ಹಿಗ್ಗುತ್ತ, ಹಿಗ್ಗುವಾಗ ತಿರುಚಿಕೊಳ್ಳುತ್ತ ಹೋಯಿತು.

ಕೊನೆಗೆ ಅಂಚೆಯಲ್ಲಿ 0.05 ಮಿ.ಮೀ. ದಪ್ಪದ ಟಂಗ್‌ಸ್ಟನ್ ತಂತಿಯನ್ನು ತರಿಸಿದೆ. ಕೂದಲೆಳೆಗಿಂತ ತೆಳುವಾದರೂ ಅದು ಈ ಭಾರದ ನಾಲ್ಕು ಪಟ್ಟನ್ನು ಹೊರಬಲ್ಲದು. ದಪ್ಪದ ಆಯ್ಕೆ ಇಲ್ಲಿ ನಿರ್ಣಾಯಕವಾದದ್ದು. ತಂತಿಯ ತಿರುಚಿನ ಬಿಗಿಯು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ ದಪ್ಪ ಅರ್ಧವಾದರೆ ಬಿಗಿಯು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಉದ್ದವನ್ನು ಹೆಚ್ಚಿಸಲು ಒದ್ದಾಡುವುದಕ್ಕಿಂತ ತೆಳು ತಂತಿಯನ್ನು ಹುಡುಕುವುದೇ ಲೇಸು. ಹೊಸ ತಂತಿಗೆ ಒಂದು ವಾರ 150 ಗ್ರಾಂ ಭಾರವನ್ನು ಕಟ್ಟಿ ತೂಗುಬಿಟ್ಟು, ಸುರುಳಿಯಲ್ಲಿ ಸುತ್ತಿಟ್ಟಿದ್ದ ನೆನಪನ್ನು ಅದು ಮರೆಯುವಂತೆ ಮಾಡಿದ ಮೇಲೆಯೇ ಕಡ್ಡಿಯನ್ನು ಕಟ್ಟಿದೆ. ತುದಿಗಳನ್ನು ಗಂಟು ಹಾಕಬಾರದು, ಟಂಗ್‌ಸ್ಟನ್ ಮುರಿಯುತ್ತದೆ. ಎರಡು ಹಿತ್ತಾಳೆ ತಗಡುಗಳ ನಡುವೆ ಒತ್ತಿ ತಿರುಪು ಬಿಗಿಯಬೇಕು. ಕಡ್ಡಿಗೆ ಅಲ್ಯೂಮಿನಿಯಂ ಕೊಳವೆಯ ಬದಲು 4 ಗ್ರಾಂ ತೂಕದ ಬಿದಿರನ್ನು ಆರಿಸಿದ್ದಕ್ಕೆ ಕಾರಣವಿದೆ: ದೊಡ್ಡ ಭಾರಗಳು ಗುಂಡುಗಳನ್ನಷ್ಟೇ ಅಲ್ಲ, ಕಡ್ಡಿಯನ್ನೂ ಸೆಳೆಯುತ್ತವೆ. ಬಿದಿರಿನಲ್ಲಿ ಈ ಹೆಚ್ಚುವರಿ ಸೆಳೆತ ಶೇ 2ರ ಒಳಗೆ ಉಳಿಯುತ್ತದೆ. ಬಿದಿರು ತೇವ ಹೀರದಂತೆ ಎರಡು ಸಲ ವಾರ್ನಿಷ್ ಬಳಿದೆ.

ದೊಡ್ಡ ಭಾರಗಳಿಗೆ ಬೇಕಾದ ಲೋಹ ಊರಿನಲ್ಲಿಯೇ ಸಿಕ್ಕಿತು. ಗದಗ ಬೆಟಗೇರಿ ಅವಳಿ ನಗರ ಮುದ್ರಣಾಲಯಗಳಿಗೆ ಹೆಸರಾದದ್ದು. ಆಫ್‌ಸೆಟ್ ಬಂದ ಮೇಲೆ ಮೊಳೆ ಜೋಡಿಸುವ ಕೆಲಸ ನಿಂತುಹೋಗಿದ್ದರೂ ಅಚ್ಚುಮೊಳೆಗಳು ಕೆಲವೆಡೆ ಖಾನೆಗಳಲ್ಲಿ ಹಾಗೆಯೇ ಉಳಿದಿವೆ. ಬಾಗಿಲು ಮುಚ್ಚಿದ ಒಂದು ಮುದ್ರಣಾಲಯದವರು ಸವೆದ ಮೊಳೆಗಳನ್ನು ತೂಕದ ಲೆಕ್ಕದಲ್ಲಿ ಕೊಟ್ಟರು. ಇನ್ನೂ ಬಳಸಬಹುದಾದ ಅಕ್ಷರಗಳನ್ನು ಆಯ್ದು ಹಿಂದಿರುಗಿಸಿದೆ. ಒತ್ತಕ್ಷರಗಳ ಆ ಚಿಕ್ಕ ಮೊಳೆಗಳನ್ನು ಕರಗಿಸಲು ಮನಸ್ಸು ಬರಲಿಲ್ಲ. ಅಚ್ಚುಮೊಳೆಯ ಲೋಹವು ಸೀಸ, ತವರ ಮತ್ತು ಆಂಟಿಮನಿಗಳ ಮಿಶ್ರಣ. ಶುದ್ಧ ಸೀಸದ ಸಾಂದ್ರತೆ 11.3 ಆದರೆ ನನ್ನ ಎರಕದ್ದು ನೀರಿನಲ್ಲಿ ಮುಳುಗಿಸಿ ಅಳೆದಾಗ 10.4 ಬಂದಿತು. ಸಾಂದ್ರತೆಯಲ್ಲಿ ಸ್ವಲ್ಪ ನಷ್ಟವಾದರೂ ಲಾಭವೂ ಇದೆ: ಆಂಟಿಮನಿ ಇರುವುದರಿಂದ ಲೋಹವು ಆರುವಾಗ ಶುದ್ಧ ಸೀಸದಷ್ಟು ಕುಗ್ಗುವುದಿಲ್ಲ, ಆದ್ದರಿಂದ ಎರಕದ ನಡುವೆ ಪೊಳ್ಳು ಉಳಿಯುವ ಭಯ ಕಡಿಮೆ. ಪೊಳ್ಳು ಉಳಿದರೆ ಭಾರದ ಕೇಂದ್ರ ಎಲ್ಲಿದೆ ಎಂಬುದೇ ತಿಳಿಯದು, ಕೇಂದ್ರ ತಿಳಿಯದಿದ್ದರೆ ದೂರವನ್ನು ಅಳೆಯುವುದು ವ್ಯರ್ಥ.

ಕರಗಿಸುವ ಕೆಲಸವನ್ನು ಊರ ಹೊರಗಿನ ಹೊಲದ ಬದುವಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು, ಮುಖಕ್ಕೆ ಮುಸುಕು ಹಾಕಿಕೊಂಡು ಮಾಡಿದೆ. ಸೀಸದ ಹೊಗೆ ಮತ್ತು ಧೂಳು ವಿಷ. ಮಕ್ಕಳನ್ನು ಹತ್ತಿರಕ್ಕೆ ಬಿಡಬಾರದು, ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದು. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಆವಿಯಾಗಿ ಕರಗಿದ ಲೋಹವನ್ನು ಸಿಡಿಸುತ್ತದೆ, ಆದ್ದರಿಂದ ಅಚ್ಚನ್ನು ಮೊದಲು ಕೈ ತಾಗಿಸಲಾಗದಷ್ಟು ಕಾಯಿಸಿಕೊಳ್ಳಬೇಕು. ಗೋಳಗಳನ್ನು ಎರೆಯುವುದು ನನ್ನಿಂದ ಆಗದ ಕೆಲಸವಾದ್ದರಿಂದ ಸಿಲಿಂಡರ್‌ಗಳನ್ನು ಎರೆದು ಲೇತ್ ಅಂಗಡಿಯಲ್ಲಿ ಹೆರೆಸಿದೆ. ಗೋಳವು ಹೊರಗಿನ ವಸ್ತುವನ್ನು ತನ್ನೆಲ್ಲ ದ್ರವ್ಯರಾಶಿ ಕೇಂದ್ರದಲ್ಲಿಯೇ ಇದ್ದಂತೆ ಸೆಳೆಯುತ್ತದೆ. ಸಿಲಿಂಡರ್ ಹಾಗೆ ಮಾಡುವುದಿಲ್ಲ. ಆದರೆ ಎತ್ತರವು ತ್ರಿಜ್ಯದ 1.73 ಪಟ್ಟು ಇರುವಂತೆ ಮಾಡಿದರೆ ಅದರ ಜಡತ್ವದ ಭ್ರಾಮಕ (ತಿರುಗಿಸಲು ಹೋದರೆ ಅದು ಒಡ್ಡುವ ವಿರೋಧ) ಎಲ್ಲ ದಿಕ್ಕಿನಲ್ಲಿಯೂ ಒಂದೇ ಆಗುತ್ತದೆ, ಆಗ ಸೆಳೆತದಲ್ಲಿ ಗೋಳಕ್ಕೂ ಅದಕ್ಕೂ ಇರುವ ವ್ಯತ್ಯಾಸ ನನ್ನ ಅಳತೆಗೆ ಸಿಗದಷ್ಟು ಚಿಕ್ಕದಾಗುತ್ತದೆ. 8 ಕೆ.ಜಿ.ಯ ಭಾರಕ್ಕೆ ತ್ರಿಜ್ಯ 5.2 ಸೆಂ.ಮೀ., ಎತ್ತರ 9 ಸೆಂ.ಮೀ. ಎಂದು ಲೆಕ್ಕ ಬಂದಿತು. ದ್ರವ್ಯರಾಶಿಯ ಪರಿಣಾಮವನ್ನು ನೋಡುವುದಕ್ಕಾಗಿ ಇದೇ ಪ್ರಮಾಣದಲ್ಲಿ 4 ಕೆ.ಜಿ.ಯ ಇನ್ನೊಂದು ಜೋಡಿಯನ್ನೂ ಮಾಡಿಸಿದೆ.

ತಂತಿಯನ್ನು ಮೊದಲು ಮಾಳಿಗೆಯ ತೊಲೆಗೆ ಕಟ್ಟಿದ್ದೆ. ಆಶ್ವಯುಜದ ಒಂದು ಮಧ್ಯಾಹ್ನ, ಕಡ್ಡಿಗೆ ಅಂಟಿಸಿದ ಕನ್ನಡಿಯಿಂದ ಗೋಡೆಯ ಮೇಲೆ ಬೀಳುವ ಬೆಳಕಿನ ಚುಕ್ಕೆ ಇದ್ದಕ್ಕಿದ್ದಂತೆ ಕುಣಿಯತೊಡಗಿತು. ಮೇಲೆ ಹೋಗಿ ನೋಡಿದರೆ ತಾಯಿ ಮಾಳಿಗೆಯ ಮೇಲೆ ಸೇಂಗಾ ಹರವುತ್ತಿದ್ದರು. ಮಣ್ಣಿನ ಮಾಳಿಗೆಯ ಮೇಲೆ ಇಟ್ಟ ಪ್ರತಿ ಹೆಜ್ಜೆಯೂ ತೊಲೆಗೆ ತಿಳಿಯುತ್ತದೆ. ಆಮೇಲೆ ಗೋಡೆಯ ಗೂಡಿನಲ್ಲಿ ಒಂದು ಕಲ್ಲು ಹಾಸನ್ನು ಗಚ್ಚಿನಿಂದ ಕೂರಿಸಿ, ಅದರ ಮುಂಚಾಚಿನಿಂದ ತಂತಿಯನ್ನು ಇಳಿಬಿಟ್ಟೆ. ಕಡ್ಡಿ ಮತ್ತು ಗುಂಡುಗಳು ಪ್ಲೈವುಡ್ ಪೆಟ್ಟಿಗೆಯೊಳಗೆ ಇವೆ. ಪೆಟ್ಟಿಗೆಯ ಒಳಮೈಗೆ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ ನೆಲಕ್ಕೆ ತಂತಿ ಜೋಡಿಸಿದ್ದೇನೆ. ಹೀಗೆ ಮಾಡದೆ ಇದ್ದ ದಿನಗಳಲ್ಲಿ ಗಾಜಿನ ಕಿಂಡಿಯನ್ನು ಬಟ್ಟೆಯಿಂದ ಒರೆಸಿದರೆ ಸಾಕು, ಹುಟ್ಟಿದ ಸ್ಥಾಯೀ ವಿದ್ಯುತ್ತು ಗುಂಡನ್ನು ಗಾಜಿಗೆ ಎಳೆದು ಅಂಟಿಸಿಬಿಡುತ್ತಿತ್ತು. ದೊಡ್ಡ ಭಾರಗಳು ಪೆಟ್ಟಿಗೆಯ ಹೊರಗೆ, ನೆಲದ ಮೇಲಿನ ಒಂದು ಮರದ ತಿರುಗುತೋಳಿನ ಮೇಲೆ ಕೂತಿರುತ್ತವೆ. ತೋಳು ಪೆಟ್ಟಿಗೆಗೂ ಗೋಡೆಗೂ ಎಲ್ಲಿಯೂ ತಾಗುವುದಿಲ್ಲ. ಪಡಸಾಲೆಯಿಂದ ಹಗ್ಗ ಎಳೆದರೆ ಅದು ತಿರುಗಿ, ಭಾರಗಳು ಗುಂಡುಗಳ ಈ ಬದಿಯಿಂದ ಆ ಬದಿಗೆ ಹೋಗುತ್ತವೆ. ಎರಡೂ ಭಾರಗಳು ಸಮವಾಗಿ ಎದುರುಬದುರು ಇರುವುದರಿಂದ ಒಟ್ಟು ಭಾರ ನಡುಗೂಟದ ಮೇಲೆಯೇ ಉಳಿದು ನೆಲ ವಾಲುವುದಿಲ್ಲ.

ಹಗ್ಗ ಏಕೆ ಬೇಕೆಂದರೆ, ಮನುಷ್ಯನ ಮೈಶಾಖವೇ ಈ ತಕ್ಕಡಿಯ ದೊಡ್ಡ ಶತ್ರು. ಕೋಣೆಯೊಳಗೆ ಕಾಲು ಗಂಟೆ ನಿಂತರೆ ಪೆಟ್ಟಿಗೆಯ ಒಂದು ಬದಿ ಮತ್ತೊಂದಕ್ಕಿಂತ ತುಸು ಬೆಚ್ಚಗಾಗುತ್ತದೆ, ಒಳಗಿನ ಗಾಳಿ ಏಳುತ್ತದೆ, ಆ ಗಾಳಿಯ ತಳ್ಳು ಗುರುತ್ವದ ಸೆಳೆತಕ್ಕಿಂತ ಹೆಚ್ಚಿನದಾಗಿರುತ್ತದೆ. ಕ್ಯಾವೆಂಡಿಶ್ ಕೂಡ ಇದನ್ನು ಅರಿತು ಉಪಕರಣವನ್ನು ಕೋಣೆಯೊಳಗೆ ಮುಚ್ಚಿಟ್ಟು ಹೊರಗಿನಿಂದ ದೂರದರ್ಶಕದಲ್ಲಿ ನೋಡುತ್ತಿದ್ದನು. ನಾನು ಕಡ್ಡಿಯ ನಡುವೆ ಚಿಕ್ಕ ಕನ್ನಡಿಯನ್ನು ಅಂಟಿಸಿ, ಬ್ಯಾಟರಿಯಿಂದ ನಡೆಯುವ ಲೇಸರಿನ ಕಿರಣವನ್ನು ಅದರ ಮೇಲೆ ಬಿಟ್ಟು, 4 ಮೀಟರ್ ದೂರದ ಗೋಡೆಯ ಅಳತೆಪಟ್ಟಿಯ ಮೇಲೆ ಬೀಳುವ ಚುಕ್ಕೆಯನ್ನು ಬಾಗಿಲ ಸಂದಿನಿಂದ ಓದುತ್ತೇನೆ. ಒಳಕೋಣೆಯ ಬದಲು ಕಾಳು ತುಂಬಿಡುವ ನೆಲದಡಿಯ ಹಗೇವಿನೊಳಗೆ ಏಕೆ ಇಡಬಾರದು ಎಂದು ಹಿರಿಯರೊಬ್ಬರು ಕೇಳಿದ್ದರು. ಉಷ್ಣತೆಯ ದೃಷ್ಟಿಯಿಂದ ಅದು ಸೊಗಸಾದ ಜಾಗವೇ ಹೌದು, ಆದರೆ ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿ ಜೀವ ಹೋಗುವ ಅಪಾಯವಿರುವುದರಿಂದ ಆ ಯೋಚನೆಯನ್ನು ಯಾರೂ ಮಾಡಬಾರದು.

ಓದುವ ಹೊತ್ತು ರಾತ್ರಿ ಹನ್ನೊಂದರಿಂದ ನಾಲ್ಕು. ಹಗಲಿನಲ್ಲಿ ಓಣಿಯ ಕೈಮಗ್ಗಗಳ ಬಡಿತವು ನೆಲದಗುಂಟ ಬಂದು ಚುಕ್ಕೆಯನ್ನು ಹಿಗ್ಗಿದ ಗೆರೆಯನ್ನಾಗಿ ಮಾಡುತ್ತದೆ. ಆ ಬಡಿತ ನಿಂತ ಮೇಲೆಯೇ ತಕ್ಕಡಿ ತನ್ನ ಮಾತು ಹೇಳಲು ಆರಂಭಿಸುವುದು.

ಟಂಗ್‌ಸ್ಟನ್ ತಂತಿಯ ಮೇಲೆ ಕಡ್ಡಿಯ ಒಂದು ಪೂರ್ಣ ಆಂದೋಲನಕ್ಕೆ 15 ನಿಮಿಷ 57 ಸೆಕೆಂಡು ಹಿಡಿಯುತ್ತದೆ. ಅದು ತಾನಾಗಿ ನಿಲ್ಲುವ ತನಕ ಕಾಯುವುದು ಅಸಾಧ್ಯ, ಕಾಯಬೇಕಾಗಿಯೂ ಇಲ್ಲ. ಚುಕ್ಕೆ ಹಿಂದಿರುಗುವ ಮೂರು ತುದಿಗಳನ್ನು ಬರೆದುಕೊಂಡು, ನಡುವಿನದನ್ನು ಎರಡು ಸಲ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ನೆಲೆ ಸಿಗುತ್ತದೆ. ಒಂದು ರಾತ್ರಿಯ ಉದಾಹರಣೆ: ಭಾರಗಳು ಬಲಬದಿಯಲ್ಲಿದ್ದಾಗ ತುದಿಗಳು 318, 462, 337 ಮಿ.ಮೀ.; ನೆಲೆ 395. ಹಗ್ಗ ಎಳೆದು ಭಾರಗಳನ್ನು ಎಡಬದಿಗೆ ತಂದ ಮೇಲೆ 194, 334, 212, ನೆಲೆ 269. ವ್ಯತ್ಯಾಸ 126 ಮಿ.ಮೀ. ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು ಗೋಡೆಯ ಮೇಲೆ ಬೆಳಕು ಸರಿದಿತ್ತು, ಹಾಗೆ ಸರಿಸಿದ್ದು ಅಚ್ಚುಮೊಳೆಯ ಸೀಸದ ಸೆಳೆತವಲ್ಲದೆ ಬೇರೇನೂ ಅಲ್ಲ. ಬೇರೇನೂ ಅಲ್ಲ ಎಂದು ಹೇಳುವ ಮೊದಲು ಭಾರಗಳನ್ನು ಇಳಿಸಿ ಬರಿದಾದ ತೋಳನ್ನು ಎರಡು ರಾತ್ರಿ ಹಾಗೆಯೇ ತಿರುಗಿಸಿ ನೋಡಿದ್ದೆ. ಆಗ ನೆಲೆ 2 ಮಿ.ಮೀ.ಗಿಂತ ಹೆಚ್ಚು ಕದಲಲಿಲ್ಲ. ಈ ಬರಿದೋಳಿನ ಪರೀಕ್ಷೆಯನ್ನು ಮಾಡದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ದ್ರವ್ಯರಾಶಿಯ ಮಾತು ಸುಲಭವಾಗಿ ಮುಗಿಯಿತು. 8 ಕೆ.ಜಿ.ಯ ಜೋಡಿಯ ಬದಲು 4 ಕೆ.ಜಿ.ಯ ಜೋಡಿಯನ್ನು ಅದೇ 10 ಸೆಂ.ಮೀ. ದೂರದಲ್ಲಿ ಇಟ್ಟಾಗ ಚುಕ್ಕೆಯ ಸರಿತ 62 ಮಿ.ಮೀ. ಆಯಿತು. 126ರ ಅರ್ಧ 63. ಹಗ್ಗ ಹಿಡಿದು ಪಡಸಾಲೆಯಲ್ಲಿ ಕೂತಿದ್ದ ನನಗೆ ಆ ಅಂಕಿಯನ್ನು ಬರೆಯುವಾಗ ಕೈ ನಡುಗಿತು.

ದೂರದ ಮಾತು ಇಷ್ಟು ಸುಲಭವಾಗಿರಲಿಲ್ಲ. ಮೊದಲ ಸರದಿಯಲ್ಲಿ ನಾನು ಭಾರದ ಮೇಲ್ಮೈಯಿಂದ ಗುಂಡಿನ ಮೇಲ್ಮೈಗೆ ಅಳೆದಿದ್ದೆ, ಏಕೆಂದರೆ ಅಳತೆಪಟ್ಟಿಯನ್ನು ಇಡಲು ಸಿಗುವುದು ಮೇಲ್ಮೈಯೇ. ಆ ಅಂಕಿಗಳು ಯಾವ ನಿಯಮಕ್ಕೂ ಹೊಂದಲಿಲ್ಲ. ಸೂತ್ರದಲ್ಲಿರುವ ದೂರವು ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ ಎಂದು ತರಗತಿಯಲ್ಲಿ ನೂರು ಸಲ ಹೇಳಿದವನು ನಾನೇ. ಸರಿಪಡಿಸಿಕೊಂಡು ಕೇಂದ್ರಗಳ ನಡುವೆ 10, 12 ಮತ್ತು 15 ಸೆಂ.ಮೀ. ಬರುವಂತೆ ತೋಳಿನಲ್ಲಿ ಗೂಟಗಳನ್ನು ಹೊಡೆದೆ. ಸರಿತಗಳು ಕ್ರಮವಾಗಿ 126, 86 ಮತ್ತು 51 ಮಿ.ಮೀ. ಬಂದವು. ವಿಲೋಮ ವರ್ಗದ ನಿಯಮದಂತೆ 12 ಸೆಂ.ಮೀ.ಗೆ 87.5 ಬರಬೇಕು, 15 ಸೆಂ.ಮೀ.ಗೆ 56 ಬರಬೇಕು. ಮೊದಲನೆಯದು ಸರಿ, ಎರಡನೆಯದರಲ್ಲಿ 5 ಮಿ.ಮೀ. ಕಡಿಮೆ. ಮೂರು ರಾತ್ರಿ ಮತ್ತೆ ಮತ್ತೆ ಓದಿದರೂ ಆ 5 ಮಿ.ಮೀ. ತುಂಬಲಿಲ್ಲ. ದೂರ ಹೆಚ್ಚಿದಂತೆ ಸೆಳೆತವು ನ್ಯೂಟನ್ ಹೇಳಿದ್ದಕ್ಕಿಂತ ಬೇಗ ಇಳಿಯುತ್ತಿರುವಂತೆ ನನ್ನ ತಕ್ಕಡಿ ತೋರಿಸುತ್ತಿತ್ತು.

ಕಾರಣ ಕಣ್ಣೆದುರಿಗೇ ಇತ್ತು. ಬಲಗಡೆಯ ದೊಡ್ಡ ಭಾರವು ಬಲಗಡೆಯ ಗುಂಡನ್ನು ಮಾತ್ರ ಸೆಳೆಯುತ್ತದೆ ಎಂದು ನಾನು ಭಾವಿಸಿದ್ದೆ. ಅದು 30 ಸೆಂ.ಮೀ. ಆಚೆ ಇರುವ ಎಡಗಡೆಯ ಗುಂಡನ್ನೂ ಸೆಳೆಯುತ್ತದೆ, ಆ ಸೆಳೆತ ಕಡ್ಡಿಯನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ಭಾರವು ಹತ್ತಿರದ ಗುಂಡಿಗೆ ಬಹಳ ಸಮೀಪವಿದ್ದಾಗ ಈ ವಿರೋಧ ನಗಣ್ಯ. ದೂರ ಸರಿದಂತೆ ಹತ್ತಿರದ ಗುಂಡಿನ ಮೇಲಿನ ಹಿಡಿತ ಬೇಗ ಸಡಿಲಾಗುತ್ತದೆ, ಆಚೆಯ ಗುಂಡಿನ ಮೇಲಿನದು ಅಷ್ಟು ಬದಲಾಗುವುದಿಲ್ಲ. ಲೆಕ್ಕ ಹಾಕಿದಾಗ ಈ ಕಡಿತವು 10 ಸೆಂ.ಮೀ.ಗೆ ಶೇ 3.2, 12ಕ್ಕೆ ಶೇ 5.1, 15ಕ್ಕೆ ಶೇ 8.9 ಎಂದು ಸಿಕ್ಕಿತು. ಇದಕ್ಕೆ ಇನ್ನೊಂದು ಚಿಕ್ಕ ತಿದ್ದುಪಡಿ ಸೇರುತ್ತದೆ: ಕಡ್ಡಿ ತಿರುಗಿದಾಗ ಗುಂಡು ಭಾರದ ಕಡೆಗೆ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಹತ್ತಿರವಾಗುತ್ತದೆ, ಆದ್ದರಿಂದ 10 ಸೆಂ.ಮೀ.ಯಲ್ಲಿ ಸೆಳೆತ ಶೇ 2.4ರಷ್ಟು ಏರುತ್ತದೆ. ಎರಡನ್ನೂ ಸೇರಿಸಿ 126ರಿಂದ ಲೆಕ್ಕ ಮಾಡಿದರೆ 12 ಸೆಂ.ಮೀ.ಗೆ 85, 15 ಸೆಂ.ಮೀ.ಗೆ 52 ಬರಬೇಕು. ಬಂದದ್ದು 86 ಮತ್ತು 51. ನನ್ನ ಓದಿನ ತಪ್ಪು 2 ಮಿ.ಮೀ. ಇರುವುದರಿಂದ ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯನ್ನು ಕೇಳುವ ಹಕ್ಕು ನನಗಿಲ್ಲ. ಎಲ್ಲ ವಸ್ತುಗಳೂ ಎಲ್ಲ ವಸ್ತುಗಳನ್ನೂ ಸೆಳೆಯುತ್ತವೆ ಎಂಬ ಮಾತಿನಲ್ಲಿರುವ ಎರಡು ‘ಎಲ್ಲ’ಗಳನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಆ ವಾರದಲ್ಲಿ.

ಆಂದೋಲನದ ಅವಧಿಯಿಂದ ತಂತಿಯ ಬಿಗಿಯನ್ನು ತಿಳಿದು, ಅದರಿಂದ ಗುರುತ್ವ ಸ್ಥಿರಾಂಕವನ್ನು ಲೆಕ್ಕ ಮಾಡಿದಾಗ ಎಸ್.ಐ. ಮಾನದಲ್ಲಿ 6.4 × 10⁻¹¹ ಬಂದಿತು. ಒಪ್ಪಿತ ಬೆಲೆ 6.674 × 10⁻¹¹. ಶೇ 4ರಷ್ಟು ಕಡಿಮೆ. ಕೇಂದ್ರಗಳ ದೂರದಲ್ಲಿ 2 ಮಿ.ಮೀ. ತಪ್ಪಿದ್ದರೆ ಇಷ್ಟು ವ್ಯತ್ಯಾಸ ಬರುತ್ತದೆ, ಏಕೆಂದರೆ ದೂರದಲ್ಲಿ ಶೇ 2ರ ತಪ್ಪು ವರ್ಗವಾದಾಗ ಶೇ 4 ಆಗುತ್ತದೆ. ದ್ರವ್ಯರಾಶಿಯಲ್ಲಿ ಶೇ 2ರ ತಪ್ಪಾದರೆ ಶೇ 2 ಆಗಿಯೇ ಉಳಿಯುತ್ತಿತ್ತು. ಆದ್ದರಿಂದ ಈ ತಕ್ಕಡಿಯನ್ನು ಕಟ್ಟುವವರು ತೂಕದ ಕಲ್ಲುಗಳಿಗಿಂತ ಅಳತೆಪಟ್ಟಿಗೆ ಹೆಚ್ಚಿನ ಗಮನ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಇದೇ ಸ್ಥಿರಾಂಕವನ್ನು ಭೂಮಿಯ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷದೊಡನೆ ಸೇರಿಸಿದರೆ ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.7 ಪಟ್ಟು ಎಂದು ಸಿಗುತ್ತದೆ. ಇಂದಿನ ಬೆಲೆ 5.51, ಕ್ಯಾವೆಂಡಿಶ್‌ನ ಅಳತೆಗಳಿಂದ ದೊರೆಯುವುದು 5.45. ನಮ್ಮ ಅಂಗಳದ ಹಾಸುಗಲ್ಲಿನ ಸಾಂದ್ರತೆ 3ಕ್ಕಿಂತ ಕಡಿಮೆ ಇರುವುದರಿಂದ ಭೂಮಿಯ ಒಡಲಲ್ಲಿ ಕಲ್ಲಿಗಿಂತ ಬಹಳ ಭಾರವಾದದ್ದು ಇರಲೇಬೇಕು. ಈ ಮಾತನ್ನು ಬೆಟಗೇರಿಯ ಒಂದು ಕತ್ತಲೆ ಕೋಣೆಯಲ್ಲಿ ಕೂತು ಹೇಳಲು ಸಾಧ್ಯವಾದದ್ದು ನನಗೆ ಇನ್ನೂ ಬೆರಗಿನ ಸಂಗತಿ.

ಲೆಕ್ಕದಲ್ಲಿ ಕಂಡ ಇನ್ನೊಂದು ವಿಷಯವಿದೆ. ಬಿದಿರಿನ ತೂಕವನ್ನು ಬದಿಗಿಟ್ಟರೆ, 50 ಗ್ರಾಂ ಗುಂಡಿನ ತೂಕ ಅಂತಿಮ ಸಮೀಕರಣದಲ್ಲಿ ಉಳಿಯುವುದೇ ಇಲ್ಲ. ಗುಂಡು ಹೆಚ್ಚು ಭಾರವಾದರೆ ಸೆಳೆತವೂ ಹೆಚ್ಚು, ಅಷ್ಟೇ ಪಾಲಿಗೆ ಆಂದೋಲನದ ಅವಧಿಯ ವರ್ಗವೂ ಹೆಚ್ಚು, ಒಂದನ್ನೊಂದು ಕಳೆದುಕೊಳ್ಳುತ್ತವೆ. ಭಾರವಾದ ಕಲ್ಲೂ ಹಗುರವಾದ ಕಲ್ಲೂ ಒಂದೇ ವೇಗದಲ್ಲಿ ಬೀಳುವುದಕ್ಕೆ ಇರುವ ಕಾರಣವೇ ಇಲ್ಲಿ ಅಡ್ಡಲಾಗಿ ಕೆಲಸ ಮಾಡುತ್ತಿದೆ.

ಕೇಂದ್ರಗಳ ದೂರವನ್ನು 20 ಸೆಂ.ಮೀ.ಗೆ ಏರಿಸಿ, ಇಮ್ಮಡಿ ದೂರಕ್ಕೆ ಕಾಲು ಪಾಲು ಎಂಬ ಮಾತನ್ನು ನೇರವಾಗಿ ನೋಡುವ ಆಸೆ ಉಳಿದಿದೆ. ಆಚೆಯ ಗುಂಡಿನ ಕಡಿತ ಅಲ್ಲಿ ಶೇ 17 ಆಗುವುದರಿಂದ ನಿರೀಕ್ಷಿಸಬೇಕಾದ ಸರಿತ 31.5 ಅಲ್ಲ, ಸುಮಾರು 26 ಮಿ.ಮೀ. ಒಂದು ರಾತ್ರಿ 22 ಬಂದಿತು, ಮರುರಾತ್ರಿ 29. ಎರಡೂ ರಾತ್ರಿ ಮೋಡವಿದ್ದು ಹೊರಗಿನ ಉಷ್ಣತೆ ಏರಿಳಿಯುತ್ತಿತ್ತು, ನೆಲೆಯು ಗಂಟೆಗೆ 4ರಿಂದ 5 ಮಿ.ಮೀ. ಜಾರುತ್ತಿತ್ತು. ಬೆಳಕಿಂಡಿಗೆ ಭತ್ತದ ಹೊಟ್ಟು ತುಂಬಿದ ಚೀಲವನ್ನು ಒತ್ತಿ, ಪೆಟ್ಟಿಗೆಯ ಸುತ್ತ ಹಳೆಯ ಕೌದಿಗಳನ್ನು ಹೊದಿಸಿದ್ದೇನೆ. ಭಾರಗಳು ಈಗ 20 ಸೆಂ.ಮೀ.ಯ ಗೂಟಗಳ ಮೇಲೆ ಕೂತಿವೆ. ಪುಷ್ಯದ ತಿಳಿಯಾದ ಚಳಿರಾತ್ರಿಗಳಲ್ಲಿ ಮತ್ತೆ ಓದುತ್ತೇನೆ.